ಮುನಿಶಾಮಪ್ಪನ ಮನೆಯ ಲ್ಯಾಪ್‌ಟಾಪ್

12 ನವೆಂಬರ್ 2007, ಸೋಮವಾರ

ಯೋಚಿಸದೆ ಒಪ್ಪಿಕೊಂಡುಬಿಟ್ಟೆ. ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಾದರೂ ಬರೆದಿಡುತ್ತೇನೆ.

ಮಧ್ಯಾಹ್ನ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿದ್ದಾಗ ಬೆಂಗಳೂರಿನಿಂದ ಫೋನ್ ಬಂತು. ಚನ್ನಕೇಶವ ಎಂಬವರು ಹಳೆಯ ಕಂಪ್ಯೂಟರುಗಳ ಸಂಗ್ರಹಾಲಯವೊಂದನ್ನು ಕಟ್ಟುತ್ತಿದ್ದಾರಂತೆ. ಹೊಸೂರಿನ ನಮ್ಮ ಹಳೆಯ ಕಂಪನಿ ಎಂಬತ್ತೆಂಟರಲ್ಲಿ ಮಾಡಿದ ಲ್ಯಾಪ್‌ಟಾಪ್ ಅವರಿಗೆ ಬೇಕು. ಪ್ರಯೋಗಕ್ಕೆಂದು ಕೈಯಿಂದಲೇ ಕಟ್ಟಿದ್ದು ಒಂದೇ ಒಂದು. ಮಾರಾಟಕ್ಕೆ ಬರುವ ಮೊದಲೇ ಕಂಪನಿ ಮುಚ್ಚಿಹೋಯಿತು. ಅದನ್ನು ಯಾವುದೋ ತಮಿಳು ಸಿನಿಮಾದಲ್ಲಿ ತೋರಿಸಿದ್ದರೆಂಬ ಸುದ್ದಿ ಆಗ ನನ್ನ ಕಿವಿಗೂ ಬಿದ್ದಿತ್ತು. ಈಗ ಇಬ್ಬರು, ಅದು ನಮ್ಮ ಹತ್ತಿರ ಇದೆ ಅನ್ನುತ್ತಿದ್ದಾರಂತೆ. ಯಾವುದು ಅಸಲಿ ಎಂದು ನಾನು ನೋಡಿ ಹೇಳಬೇಕು. ಅದನ್ನು ಪರೀಕ್ಷೆ ಮಾಡಿದವರಲ್ಲಿ ಅವರಿಗೆ ಸಿಕ್ಕಿರುವುದು ನಾನೊಬ್ಬಳೇ.

ಆ ಇಬ್ಬರಲ್ಲಿ ಒಬ್ಬ ಮುನಿಶಾಮಪ್ಪ, ನಮಗೆಲ್ಲ ಮುನಿಶಾಮಣ್ಣ, ಕಂಪನಿ ವ್ಯಾನಿನ ಡ್ರೈವರ್ ಆಗಿದ್ದವನು. ಇನ್ನೊಬ್ಬರು ಯತಿರಾಜ್ ಸರ್. ಆಗ ನಮ್ಮ ಮ್ಯಾನೇಜರ್. ಈಗ ಅವರದೇ ಫ್ಯಾಕ್ಟರಿ ಇದೆ, ನಮ್ಮ ಪಾಲಿಟೆಕ್ನಿಕ್‌ನ ಆಡಳಿತ ಸಮಿತಿಯಲ್ಲೂ ಇದ್ದಾರೆ. ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದರೆ ಕೈಯಲ್ಲಿದ್ದ ಸಾಲ್ಡರಿಂಗ್ ಕಡ್ಡಿ ನಡುಗುತ್ತಿತ್ತು. ಈಗ ನಲವತ್ತು ದಾಟಿದೆ. ಅವರ ಹೆಸರು ಕೇಳಿದ ಮೇಲೆ ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ಆ ಬೂಟಿನ ಸದ್ದೇ ಕಿವಿಯಲ್ಲಿತ್ತು.

17 ನವೆಂಬರ್, ಶನಿವಾರ

ಯತಿರಾಜ್ ಸರ್ ಕಾರು ಕಳಿಸಿದ್ದರು. ಬೇಡ, ಬಸ್ಸಿನಲ್ಲಿ ಬರುತ್ತೇನೆ ಅನ್ನಬೇಕಿತ್ತು. ಹತ್ತಿ ಕೂತೆ.

ಯಂತ್ರವನ್ನು ಅವರ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಬಣ್ಣ ಅದೇ, ಅಳತೆ ಹೆಚ್ಚುಕಡಿಮೆ ಅದೇ. ಆದರೆ ಅಂಚುಗಳು ತೀರಾ ನುಣುಪು, ಅಚ್ಚಿನಲ್ಲಿ ಸುರಿದು ತೆಗೆದ ಹಾಗೆ. ನಮ್ಮದಕ್ಕೆ ಅಚ್ಚೇ ಇರಲಿಲ್ಲ. ಫೈಬರ್ ಬಟ್ಟೆಗೆ ಅಂಟು ಸವರಿ, ಒಣಗಿಸಿ, ಉಜ್ಜಿ ಮಾಡಿದ್ದೆವು. ಬಿಚ್ಚಿ ನೋಡಬಹುದೇ ಎಂದು ಕೇಳಿದೆ. ಧ್ವನಿ ನನಗೇ ಕೇಳಿಸಲಿಲ್ಲ, ಎರಡನೇ ಸಲ ಕೇಳಬೇಕಾಯಿತು. ಅವರು ನಕ್ಕರು. ನಾನೇ ಮಾಡಿಸಿದ್ದು, ನನ್ನ ಮಾತಿಗಿಂತ ಸ್ಕ್ರೂಡ್ರೈವರ್ ದೊಡ್ಡದಾ ಎಂದು ಕೇಳಿದರು.

ಕಾಫಿ ತರಿಸಿದರು. ನನ್ನ ಗಂಡ ರವಿ ಕೆಲಸ ಮಾಡುವ ಕಂಪನಿಗೆ ಬಿಡಿಭಾಗ ಹೋಗುವುದು ಅವರ ಫ್ಯಾಕ್ಟರಿಯಿಂದಲೇ. ರವಿಕುಮಾರ್ ಇನ್ನೂ ಕಾಂಟ್ರಾಕ್ಟ್ ಮೇಲೇ ಇದ್ದಾರಲ್ಲ, ಯಾಕೆ ಖಾಯಂ ಮಾಡಿಲ್ಲ ಎಂದು ವಿಚಾರಿಸಿದರು. ಆಮೇಲೆ, ಲೋಟ ಕೆಳಗಿಡುತ್ತಾ:

“ಮಗಳು ಹತ್ತನೇ ಕ್ಲಾಸು ಅಲ್ವೇನಮ್ಮಾ? ಆಟೋದಲ್ಲಿ ಹೋಗಿ ಬರ್ತಾಳೆ.”

ಅದು ಪ್ರಶ್ನೆಯಾಗಿರಲಿಲ್ಲ. ಸಿಂಚನಾಳ ವಿಷಯ ಅವರಿಗೆ ನಾನು ಎಂದೂ ಹೇಳಿಲ್ಲ.

18 ನವೆಂಬರ್, ಭಾನುವಾರ

ಬೇಡ ಎಂದು ಚನ್ನಕೇಶವರಿಗೆ ಹೇಳಿಬಿಡು ಅಂತ ರವಿ. ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ. ಮಾಡಲಿಲ್ಲ. ಯಾಕೆ ಅಂತ ಗೊತ್ತಿಲ್ಲ. ಧೈರ್ಯದಿಂದಂತೂ ಅಲ್ಲ, ಬೇಡ ಅನ್ನುವುದಕ್ಕೂ ಹೆದರಿಕೆಯೇ.

25 ನವೆಂಬರ್, ಭಾನುವಾರ

ಮುನಿಶಾಮಣ್ಣನ ಊರಿಗೆ ಹೋಗಿಬಂದೆ. ರವಿ ಬರಲಿಲ್ಲ, ಇದರಲ್ಲಿ ನನ್ನನ್ನು ಸೇರಿಸಬೇಡ ಅಂದರು. ಡೆಂಕಣಿಕೋಟೆಯವರೆಗೆ ಒಂದು ಬಸ್ಸು, ಅಲ್ಲಿಂದ ಕಾಡಂಚಿಗೆ ಇನ್ನೊಂದು. ಅಲ್ಲಿರುವುದೂ ಅಸಲಿಯಲ್ಲದೆ ಹೋದರೆ ಸಾಕು, ಎರಡೂ ಸುಳ್ಳು ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳಬಹುದು ಎಂಬ ಆಸೆ ಹೊತ್ತುಕೊಂಡು ಹೋಗಿದ್ದೆ.

ಮುನಿಶಾಮಣ್ಣನಿಗೆ ತಲೆಗೂದಲೆಲ್ಲ ಬೆಳ್ಳಗಾಗಿದೆ. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದು ಒಳಗೆ ಕರೆದ. ಅವನ ಹೆಂಡತಿ ಅಕ್ಕಯಮ್ಮ ಹಜಾರದ ಹಲಗೆಯ ಮೇಲಿಂದ, ದೇವರ ಪಟದ ಪಕ್ಕದಿಂದ, ಬಟ್ಟೆ ಹೊದಿಸಿದ್ದ ಯಂತ್ರವನ್ನು ಎತ್ತಿ ತಂದಳು. ಮುಚ್ಚಳದ ಮೇಲೆ ಕುಂಕುಮ ಮೆತ್ತಿಕೊಂಡಿತ್ತು. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ನೇಗಿಲಿನ ಜೊತೆ ಅದಕ್ಕೂ ಪೂಜೆಯಂತೆ.

ಬಾಗಿಲ ಬೆಳಕಿನಲ್ಲಿ ಕೂತು ಬಿಚ್ಚಿದೆ. ಮುಚ್ಚಳದ ಒಳಮೈಯಲ್ಲಿ ಫೈಬರ್ ಬಟ್ಟೆಯ ನೇಯ್ಗೆ ಕಾಣುತ್ತಿತ್ತು. ಬೇರೆ ಯಂತ್ರದ ಕೀಬೋರ್ಡನ್ನು ಕೂರಿಸಲು ಸ್ಪೇಸ್ ಬಾರನ್ನು ಗರಗಸದಿಂದ ಕತ್ತರಿಸಿದ್ದೆವು. ಆ ಕತ್ತರಿಸಿದ ತುದಿ ಹಾಗೇ ಇತ್ತು. ಒಳಗಿನ ಚಿಪ್‌ಗಳ ಬೆನ್ನಿನ ಮೇಲಿನ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ಅವು ತಯಾರಾದ ವರ್ಷ. ಎಂಬತ್ತೇಳು, ಎಂಬತ್ತೆಂಟು, ಮತ್ತೆ ಎಂಬತ್ತೇಳು. ಎಲ್ಲವೂ ನಮ್ಮ ಕಾಲದವೇ.

ಆಮೇಲೆ ಮುಚ್ಚಳ ತಿರುಗಿಸಿದೆ. ಪರದೆಯ ಬೆನ್ನಿಗೆ ನಾಲ್ಕಾಣೆಯಷ್ಟು ದೊಡ್ಡ ತೂತು. ಒಳಗೆ, ಬೆಳಕು ಹಿಂದಿರುಗಿಸಲೆಂದು ಪರದೆಯ ಹಿಂದೆ ಅಂಟಿಸಿದ್ದ ಬೆಳ್ಳಿ ಬಣ್ಣದ ಹಾಳೆಯೂ ಇಲ್ಲ. ನಾನು ಪರೀಕ್ಷೆ ಮಾಡಿದ ಯಂತ್ರಕ್ಕೆ ತೂತಿರಲಿಲ್ಲ. ಇದೇನು ಎಂದು ಕೇಳಿದರೆ ಮುನಿಶಾಮಣ್ಣನಿಗೂ ಗೊತ್ತಿಲ್ಲ. ಮದ್ರಾಸಿನ ಶೂಟಿಂಗಿಗೆ ವ್ಯಾನಿನಲ್ಲಿ ಒಯ್ದದ್ದು ಅವನೇ, ಜೊತೆಗೆ ಯತಿರಾಜ್ ಸರ್ ಇದ್ದರಂತೆ. ಶೂಟಿಂಗ್ ಮುಗಿಯುವ ತನಕ ಅವನು ಹೊರಗಿದ್ದ. ವಾಪಸ್ ಬರುವಷ್ಟರಲ್ಲಿ ಕಂಪನಿಯಲ್ಲಿ ಗಲಾಟೆ. ನಿನ್ನ ಮನೆಯಲ್ಲಿಟ್ಟಿರು, ಆಮೇಲೆ ಹೇಳಿ ಕಳಿಸುತ್ತೇನೆ ಎಂದು ಯತಿರಾಜ್ ಸರ್ ಹೇಳಿದ್ದರಂತೆ. ಕಂಪನಿಗೆ ಬೀಗ ಬಿತ್ತು, ಯಾರೂ ಹೇಳಿ ಕಳಿಸಲಿಲ್ಲ.

ಸಂಜೆಯ ಬಸ್ಸಿಗೆ ಹೊರಡಬೇಕು ಅನ್ನುವಾಗ ಹೊಲದ ಕಡೆಯಿಂದ ಕೂಗು ಕೇಳಿಸಿತು. ರಾಗಿ ತೆನೆಗೆ ಆನೆಗಳು ಇಳಿದಿದ್ದವು. ಕರೆಂಟ್ ಆಗಲೇ ಹೋಗಿತ್ತು. ಅಕ್ಕಯಮ್ಮ ಬಾಗಿಲು ಹಾಕಿ ಅಗುಳಿ ಇಟ್ಟಳು. ಮೂವರೂ ಗೋಡೆಗೊರಗಿ ಕೂತೆವು. ಬಿಚ್ಚಿದ ಯಂತ್ರ ನನ್ನ ತೊಡೆಯ ಮೇಲೆ, ಸ್ಕ್ರೂಗಳು ಮುಷ್ಟಿಯಲ್ಲಿ. ಊರಿನವರು ತಗಡು ಬಡಿಯುತ್ತಿದ್ದರು, ಪಟಾಕಿ ಸಿಡಿಯುತ್ತಿತ್ತು. ಒಂದು ಆನೆ ಕೊಟ್ಟಿಗೆಯ ಹಿಂದಿನಿಂದಲೇ ಹಾದುಹೋಯಿತು. ಅದು ಉಸಿರು ಬಿಟ್ಟದ್ದು ಗೋಡೆಯ ಈಚೆಗೆ ಕೇಳಿಸಿತು, ದೊಡ್ಡ ಚೀಲದಿಂದ ಧಾನ್ಯ ಸುರಿದ ಹಾಗೆ. ಅಕ್ಕಯಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅಷ್ಟು ಹೆದರಿಕೆಯಲ್ಲೂ ನನ್ನ ತಲೆಯಲ್ಲಿದ್ದದ್ದು ಆ ತೂತು.

ಆನೆಗಳು ಕಾಡಿಗೆ ತಿರುಗಿದ ಮೇಲೆ, ರಾತ್ರಿಯ ಹಾಲಿನ ವ್ಯಾನಿನಲ್ಲಿ ಹೊಸೂರು ಸೇರಿದೆ. ರವಿ ಬೀದಿಯ ತುದಿಯಲ್ಲೇ ನಿಂತಿದ್ದರು. ನನ್ನ ಕೈಚೀಲ ತೆಗೆದುಕೊಂಡು ಮುಂದೆ ನಡೆದರು.

27 ನವೆಂಬರ್, ಮಂಗಳವಾರ

ಯತಿರಾಜ್ ಸರ್ ಫೋನ್ ಮಾಡಿದ್ದರು. ನಾನು ಮುನಿಶಾಮಣ್ಣನ ಮನೆಗೆ ಹೋದದ್ದು ಅವರಿಗೆ ಗೊತ್ತಾಗಿದೆ. ಸಿಟ್ಟು ಮಾಡಲಿಲ್ಲ, ಮೆಲ್ಲಗೇ ಮಾತಾಡಿದರು. ಹಳೆಯ ಕಂಪನಿಯ ಸಾಮಾನನ್ನೆಲ್ಲ ಕೊನೆಗೆ ಕೊಂಡುಕೊಂಡವರು ಅವರೇ ಅಂತೆ.

“ಅವನ ಹತ್ತಿರ ಇರೋದು ಅಸಲಿ ಅಂತ ನೀನು ಹೇಳಿದ್ರೆ, ಅದು ನನ್ನ ಮಾಲು, ಅವನು ಕದ್ದಿದ್ದು. ಕಂಪ್ಲೇಂಟ್ ಕೊಡ್ತೀನಿ. ನಕಲಿ ಅಂದ್ರೆ ಅವನ ಪಾಡಿಗೆ ಅವನು ಇರ್ತಾನೆ. ಆ ಮುದುಕನಿಗೆ ಯಾವುದು ಒಳ್ಳೇದು, ನೀನೇ ಯೋಚನೆ ಮಾಡಮ್ಮ.”

ನಿಜ ಹೇಳಿದರೆ ಮುನಿಶಾಮಣ್ಣ ಕಳ್ಳ. ಸುಳ್ಳು ಹೇಳಿದರೆ ನಾವೆಲ್ಲರೂ ಸುಖವಾಗಿರುತ್ತೇವೆ. ಆ ತೂತು ಇದ್ದೇ ಇದೆ. ಅದನ್ನೇ ಹಿಡಿದು ‘ಇದು ಅದಲ್ಲ’ ಅಂದರೆ ಯಾರೂ ನನ್ನನ್ನು ತಪ್ಪು ಅನ್ನುವುದಿಲ್ಲ.

28 ನವೆಂಬರ್, ಬುಧವಾರ

ಶಾಲೆಯಿಂದ ಬರುವಾಗ ಯಾರೋ ಬೈಕಿನಲ್ಲಿ ಬಂದು ಸಿಂಚನಾಳ ಆಟೋ ನಿಲ್ಲಿಸಿದನಂತೆ. ಹೆಸರು ಕೇಳಿದನಂತೆ. ಸಾರ್ ವಿಚಾರಿಸಿದರು ಎಂದು ಅಮ್ಮನಿಗೆ ಹೇಳು ಅಂದನಂತೆ, ತಮಿಳಿನಲ್ಲಿ. ಹೇಳುವಾಗ ಅವಳು ಬಿಸ್ಕತ್ತು ತಿನ್ನುತ್ತಿದ್ದಳು.

29 ನವೆಂಬರ್

ಏನೂ ಬರೆಯಲಾರೆ.

2 ಡಿಸೆಂಬರ್, ಭಾನುವಾರ

ಮೂರು ದಿನ ರವಿಯೇ ಸಿಂಚನಾಳನ್ನು ಶಾಲೆಗೆ ಬಿಟ್ಟು ಕರೆತಂದರು. ಬಾಗಿಲು ತಟ್ಟಿದರೆ ನಾನು ಅಡುಗೆಮನೆಯಲ್ಲೇ ನಿಂತುಬಿಡುತ್ತೇನೆ. ಎದುರು ಮನೆಯ ಪಾಪಮ್ಮ ಕರಿಬೇವು ಕೇಳಲು ಬಂದದ್ದಕ್ಕೂ ಬೆವತೆ.

ಆ ಸಿನಿಮಾದ ಹೆಸರನ್ನು ಮುನಿಶಾಮಣ್ಣ ಹೇಳಿದ್ದ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸಿ.ಡಿ. ಸಿಕ್ಕಿತು. ತೂತಿನ ನೆಪ ಗಟ್ಟಿಯಾಗಲಿ ಎಂದೇ ತಂದದ್ದು ಅಂತ ಇಲ್ಲಿ ಬರೆದುಕೊಳ್ಳಲು ನಾಚಿಕೆ ಏನು. ಸಿನಿಮಾದ ಯಂತ್ರದಲ್ಲೂ ತೂತಿಲ್ಲದಿದ್ದರೆ ಮುನಿಶಾಮಣ್ಣನದು ಬೇರೆ ಯಾವುದೋ ಎಂದು ನೆಮ್ಮದಿಯಾಗಿ ಹೇಳಬಹುದಿತ್ತು.

ಸಿಂಚನಾ ಪಕ್ಕದಲ್ಲಿ ಕೂತು ನೋಡಿದಳು. ಕಳ್ಳಸಾಗಣೆಯವನ ಅಡ್ಡೆ. ಮೇಜಿನ ಮೇಲೆ ನಮ್ಮ ಯಂತ್ರ. ಅದರ ಪರದೆ ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ ಹೊಳೆಯುತ್ತಿದೆ. ನಮ್ಮ ಪರದೆ ಹಾಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅದು ಬೂದು ಬಣ್ಣದ್ದು, ಕಿಟಕಿಯ ಹತ್ತಿರ ಹಿಡಿದರಷ್ಟೇ ಅಕ್ಷರ ಕಾಣುತ್ತಿದ್ದದ್ದು. ಕ್ಯಾಮೆರಾ ಮೇಜಿನ ಹಿಂದಕ್ಕೆ ಬಂತು. ಮುಚ್ಚಳದ ಬೆನ್ನಿನಿಂದ ಒಂದು ಕಪ್ಪು ವೈರು ಕೆಳಗಿಳಿದಿತ್ತು. ಸಿನಿಮಾದವರು ತೂತು ಕೊರೆದು, ಬೆಳ್ಳಿ ಹಾಳೆ ಕಿತ್ತು, ಒಳಗೆ ಬಲ್ಬು ಕೂರಿಸಿದ್ದರು. ಅಷ್ಟೇ.

ತೂತಿರುವುದರಿಂದಲೇ ಅದು ಅಸಲಿ. ತಪ್ಪಿಸಿಕೊಳ್ಳಲು ಇದ್ದ ದಾರಿಯೂ ಮುಚ್ಚಿತು.

ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಕೋಟು ಹಾಕಿದ ಒಬ್ಬ ಯಂತ್ರವನ್ನು ಎರಡು ಕೈಯಲ್ಲಿ ಹಿಡಿದು ತಂದು, ಮೇಜಿನ ಮೇಲಿಟ್ಟು, ಮುಚ್ಚಳ ತೆರೆದು, ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಮಾತಿಲ್ಲ. ಮೀಸೆ ದಪ್ಪಗಿದೆ, ತಲೆ ತುಂಬ ಕೂದಲಿದೆ. ಯತಿರಾಜ್ ಸರ್.

ಆ ಮುಖವನ್ನು ನಿಲ್ಲಿಸಿ ತುಂಬ ಹೊತ್ತು ನೋಡಿದೆ. ಯಾರಮ್ಮಾ ಇವರು, ಹೆದರಿಕೊಂಡ ಹಾಗೆ ನಿಂತಿದ್ದಾರೆ ಎಂದು ಸಿಂಚನಾ ಕೇಳಿದಳು.

4 ಡಿಸೆಂಬರ್, ಮಂಗಳವಾರ

ಅರ್ಧ ದಿನ ರಜೆ ಹಾಕಿ ಮುನಿಶಾಮಣ್ಣನ ಊರಿಗೆ ಹೋದೆ. ಕಂಪ್ಲೇಂಟಿನ ಮಾತು ಅವನಿಗೆ ತಿಳಿಸದೆ ನಾನು ಬಾಯಿ ತೆರೆಯುವಂತಿರಲಿಲ್ಲ. ಜೈಲಿಗೆ ಹೋಗುವವನು ಅವನು, ನಾನಲ್ಲ. ಎಲ್ಲವನ್ನೂ ಹೇಳಿದೆ, ಸಿನಿಮಾದಲ್ಲಿ ಕಂಡದ್ದನ್ನೂ. ಯಂತ್ರವನ್ನು ಯತಿರಾಜ್ ಸರ್ ತಾವೇ ಒಯ್ದರು ಎಂದಷ್ಟೇ ಅದರಿಂದ ತೋರಿಸಬಹುದು, ಮನೆಯಲ್ಲಿಟ್ಟುಕೋ ಎಂದದ್ದಕ್ಕೆ ಸಾಕ್ಷಿಯಿಲ್ಲ ಎಂದೂ ಹೇಳಿದೆ. ಬೇಡವೆಂದರೆ ನಕಲಿ ಅಂತಲೇ ಬರೆದುಕೊಡುತ್ತೇನೆ ಅಂದೆ.

ಮುನಿಶಾಮಣ್ಣ ಕಣದಲ್ಲಿ ರಾಗಿ ಬಡಿಯುತ್ತಿದ್ದವನು ಕೋಲು ಕೆಳಗಿಟ್ಟ.

“ಮಾಲಿನಿಯಮ್ಮ, ನಿಜ ಆದ್ರೆ ನಿಜ ಅನ್ನು. ಸುಳ್ಳಾದ್ರೆ ಸುಳ್ಳು ಅನ್ನು. ನನ್ ಮಕ ನೋಡ್ಕಂಡು ಹೇಳ್ಬ್ಯಾಡ. ಪೋಲೀಸ್ರು ಬಂದ್ರೆ ಬತ್ತಾರೆ.”

ಅಕ್ಕಯಮ್ಮನಿಗೆ ಸಿಟ್ಟು ಬಂದಿತ್ತು, ನನ್ನ ಮೇಲಲ್ಲ. ಮಗನ ಮದುವೆಗೆ ಯತಿರಾಜ್ ಇದೇ ಮನೆಗೆ ಬಂದು ಊಟ ಮಾಡಿ ಹೋಗಿದ್ದರಂತೆ. ಹಲಗೆಯ ಮೇಲಿದ್ದ ಯಂತ್ರ ನೋಡಿ, ಇನ್ನೂ ಇದನ್ನ ಇಟ್ಟುಕೊಂಡಿದ್ದೀಯೇನಯ್ಯ ಎಂದು ನಕ್ಕಿದ್ದರಂತೆ.

“ಕದ್ದಿದ್ರೆ ಹಜಾರದಾಗೆ ಮಡಗ್ತಿದ್ವಾ? ಬಂದೋರ್ಗೆಲ್ಲ ಕಾಣಂಗೆ?” ಅಂದಳು.

ಬಸ್ಸಿಗೆ ಮುಖ್ಯರಸ್ತೆಯವರೆಗೆ ನಡೆದೆ. ಆನೆಯ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ಬೇಗ ಬೇಗ ಹೆಜ್ಜೆ ಹಾಕಿದೆ.

8 ಡಿಸೆಂಬರ್, ಶನಿವಾರ

ಬೆಂಗಳೂರು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚನ್ನಕೇಶವ ಎರಡೂ ಯಂತ್ರಗಳನ್ನು ಉದ್ದನೆಯ ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದ್ದರು. ಒಂದು ತುದಿಯಲ್ಲಿ ಮುನಿಶಾಮಣ್ಣ, ಇನ್ನೊಂದು ತುದಿಯಲ್ಲಿ ಯತಿರಾಜ್ ಸರ್ ಮತ್ತು ಅವರ ವಕೀಲರು. ರವಿ ನನ್ನ ಜೊತೆ ಬಂದಿದ್ದರು, ಆದರೆ ಒಳಗೆ ಬರಲಿಲ್ಲ. ಎರಡನ್ನೂ ಬಿಚ್ಚದೆ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಚನ್ನಕೇಶವ ಮೊದಲೇ ತಿಳಿಸಿದ್ದರಂತೆ. ಯತಿರಾಜ್ ಸರ್ ಒಪ್ಪಿಕೊಂಡು ಬಂದಿದ್ದರು. ನನ್ನನ್ನು ಅಷ್ಟು ನಂಬಿದ್ದರು, ಅಥವಾ ನನ್ನ ಹೆದರಿಕೆಯನ್ನು.

ಮೊದಲು ಅವರದನ್ನು ಬಿಚ್ಚಿದೆ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಮುಚ್ಚಳದ ಒಳಗೆ ಅಚ್ಚಿನ ಗುರುತು. ಚಿಪ್ ಒಂದರ ಬೆನ್ನಿನ ಮೇಲೆ ತೊಂಬತ್ತೆರಡು. ಕಂಪನಿ ಮುಚ್ಚಿದ ಮೇಲೆ ತಯಾರಾದ ಚಿಪ್. ಅದನ್ನು ಓದಿ ಹೇಳಿದೆ. ನಿಂತು ನೀರು ಕುಡಿದು ಮತ್ತೆ ಹೇಳಿದೆ. ಆಮೇಲೆ ಮುನಿಶಾಮಣ್ಣನದನ್ನು ತೆರೆದು ನೇಯ್ಗೆ, ಗರಗಸದ ಗುರುತು, ಚಿಪ್‌ಗಳ ವರ್ಷ, ತೂತು ಎಲ್ಲ ತೋರಿಸಿದೆ. ಇದೇ ನಾನು ಪರೀಕ್ಷೆ ಮಾಡಿದ್ದು ಅಂದೆ.

ಹಾಗಾದರೆ ಇವನು ಕಳ್ಳ ಎಂದು ಒಪ್ಪಿಕೊಂಡ ಹಾಗಾಯಿತಲ್ಲ ಎಂದರು ಯತಿರಾಜ್ ಸರ್. ನಾನು ತಂದುಕೊಟ್ಟಿದ್ದ ಸಿ.ಡಿ.ಯನ್ನು ಚನ್ನಕೇಶವ ಹಾಕಿದರು. ಪರದೆಯ ಮೇಲೆ ಕೋಟು ಹಾಕಿದ ಯತಿರಾಜ್ ಸರ್ ಯಂತ್ರ ಹಿಡಿದು ಬಂದರು. ಕೋಣೆಯಲ್ಲಿದ್ದ ಯತಿರಾಜ್ ಸರ್ ಕನ್ನಡಕ ತೆಗೆದು ಒರೆಸಿದರು. ನಟಿಸಿದ್ದು ನಿಜ, ಮನೆಗೆ ಒಯ್ಯಲು ನಾನು ಹೇಳಲಿಲ್ಲ ಎಂದು ವಕೀಲರ ಕಡೆ ತಿರುಗಿ ಹೇಳಿ ಎದ್ದು ಹೋದರು. ನಾನು ಸ್ಕ್ರೂಗಳನ್ನು ಒಂದೊಂದಾಗಿ ಹಿಂದಕ್ಕೆ ಕೂರಿಸಿದೆ.

13 ಡಿಸೆಂಬರ್, ಗುರುವಾರ

ಕಂಪ್ಲೇಂಟ್ ಕೊಟ್ಟೇಬಿಟ್ಟಿದ್ದಾರೆ. ಬೆಳಿಗ್ಗೆ ಠಾಣೆಗೆ ಬರಬೇಕೆಂದು ಮುನಿಶಾಮಣ್ಣನಿಗೆ ಹೇಳಿಕಳಿಸಿದ್ದರಂತೆ. ಅಕ್ಕಯಮ್ಮ ಯಾರದೋ ಮೊಬೈಲಿನಿಂದ ಫೋನ್ ಮಾಡಿದಳು. ನಾನು ಬರಬೇಕು ಎಂದು ಅವಳು ಕೇಳಲಿಲ್ಲ.

ಠಾಣೆಯ ಒಳಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಮೆಟ್ಟಿಲ ಹತ್ತಿರ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ನಿಂತೆ. ಇನ್ಸ್‌ಪೆಕ್ಟರ್ ವಯಸ್ಸಾದವರು. ನೀವು ಇವರಿಗೆ ಏನಾಗಬೇಕು ಎಂದು ತಮಿಳಿನಲ್ಲಿ ಕೇಳಿದರು. ಏನೂ ಆಗಬೇಕಿಲ್ಲ, ಆ ಯಂತ್ರವನ್ನು ಪರೀಕ್ಷೆ ಮಾಡಿದವಳು ಅಂದೆ. ಕೂರಿಸಿದರು. ನಾನು ಕಂಡದ್ದನ್ನೆಲ್ಲ ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಆಟೋ ನಿಲ್ಲಿಸಿದವನ ವಿಷಯವನ್ನೂ ಹೇಳಿದೆ. ಅದನ್ನು ಹೇಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ, ಬಾಯಿಗೆ ಬಂತು. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಅಕ್ಕಯಮ್ಮ ಮದುವೆಯ ಊಟದ ಕಥೆ ಹೇಳಿದಳು. ಕದ್ದ ಮಾಲನ್ನು ಕಣ್ಣಾರೆ ಕಂಡೂ ಯಜಮಾನರು ಊಟ ಮಾಡಿಕೊಂಡು ಹೋದರೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಪಾಯಸವನ್ನೂ ಎರಡು ಸಲ ಬಡಿಸಿಕೊಂಡರು ಎಂದು ಮುನಿಶಾಮಣ್ಣ ಸೇರಿಸಿದ. ಪಕ್ಕದ ಮೇಜಿನ ಪೊಲೀಸಿನವರು ನಕ್ಕರು. ನನಗೆ ನಗು ಬರಲಿಲ್ಲ. ಊರು ಬಿಟ್ಟು ಹೋಗಬೇಡಿ, ಯತಿರಾಜ್ ಅವರೊಡನೆ ನಾನೇ ಮಾತಾಡುತ್ತೇನೆ ಎಂದು ಇನ್ಸ್‌ಪೆಕ್ಟರ್ ಕಳಿಸಿದರು.

ಠಾಣೆಗೆ ಹೋಗುತ್ತೇನೆ ಎಂದು ರವಿಗೆ ಹೇಳಿಯೇ ಇರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆ ನೆನಪಾಯಿತು.

21 ಡಿಸೆಂಬರ್, ಶುಕ್ರವಾರ

ಯತಿರಾಜ್ ಸರ್ ಕಂಪ್ಲೇಂಟ್ ವಾಪಸ್ ತೆಗೆದುಕೊಂಡರಂತೆ. ಚನ್ನಕೇಶವ ಫೋನ್ ಮಾಡಿ ಹೇಳಿದರು. ಯಂತ್ರ ಅವರ ಸಂಗ್ರಹಾಲಯದಲ್ಲಿ ಮುನಿಶಾಮಪ್ಪನ ಹೆಸರಿನಲ್ಲೇ ಇರುತ್ತದೆ. ಕುಂಕುಮ ಒರೆಸಬೇಡಿ ಎಂದು ಹೇಳಿದೆ.

ಪಾಲಿಟೆಕ್ನಿಕ್‌ನಲ್ಲಿ ಜನವರಿಯಿಂದ ನಾನು ಬೇಡವಂತೆ. ಪ್ರಿನ್ಸಿಪಾಲರು ನನ್ನ ಮುಖ ನೋಡದೆ ಹೇಳಿದರು, ಸಮಿತಿಯ ತೀರ್ಮಾನ ಅಂದರು. ಯಾವಾಗಲಾದರೂ ಬರುತ್ತದೆಂದು ಗೊತ್ತಿತ್ತು. ರವಿಯ ಕೆಲಸಕ್ಕೆ ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ಲ್ಯಾಬಿನ ಬೀಗದ ಕೈ ಒಪ್ಪಿಸಿ ಹೊರಬರುವಾಗ ಯತಿರಾಜ್ ಸರ್ ವರಾಂಡದಲ್ಲಿ ಕಾರಿಗೆ ಕಾಯುತ್ತಿದ್ದರು. ಒಬ್ಬರೇ ಇದ್ದರು. ದಾಟಿ ಹೋದ ಮೇಲೆ ಹಿಂದಿನಿಂದ ಕರೆದರು.

“ಮಾಲಿನಿ. ಅದು ಈಗಲೂ ಆನ್ ಆಗುತ್ತಾ?”

“ಆಗುತ್ತೆ ಸರ್. ಮೊನ್ನೆ ಬೆಂಗಳೂರಲ್ಲಿ ಹಾಕಿ ನೋಡಿದರಂತೆ. ಅಕ್ಷರ ಮಾತ್ರ ಮಸುಕು.”

ಇನ್ನೇನೋ ಕೇಳುವವರ ಹಾಗೆ ಒಂದು ಹೆಜ್ಜೆ ಮುಂದೆ ಬಂದರು. ಗೇಟಿನಾಚೆ ಬಾಗಲೂರು ಬಸ್ಸು ಬಂದು ನಿಂತಿತ್ತು. ಅದು ತಪ್ಪಿದರೆ ಸಿಂಚನಾ ಬರುವಷ್ಟರಲ್ಲಿ ಮನೆ ಸೇರುವುದಾಗುತ್ತಿರಲಿಲ್ಲ. ಬರ್ತೀನಿ ಸರ್ ಎಂದು ಹೊರಟುಬಂದೆ.